ನಾಲ್ಕೂ ದೀಪ ಹಾಕಿ ನೇರ ಹೋದವಳು

ಎಡಕ್ಕೆ ತಿರುಗುವವರು ಎಡಗಡೆ ದೀಪ ಹಾಕುತ್ತಾರೆ, ಬಲಕ್ಕೆ ತಿರುಗುವವರು ಬಲಗಡೆಯದು. ನಡುವಿನ ಕಟ್ಟೆ ಸುತ್ತಿ ಹೋಗುವ ಸರ್ಕಲ್ಲಿನಲ್ಲಿ ನೇರ ಹೋಗುವವರು ಏನು ಮಾಡಬೇಕು?

"ನಾಲ್ಕೂ ದೀಪ ಒಟ್ಟಿಗೆ ಹಾಕ್ಬಿಡು. ನೇರ ಹೋಗ್ತಿದೀಯ ಅಂತ ಎಲ್ಲರಿಗೂ ಗೊತ್ತಾಗುತ್ತೆ" ಎಂದು ನಮ್ಮ ಬೀದಿಯ ಹೊಲಿಗೆಯಕ್ಕನಿಗೆ ಅವಳ ಗಂಡ ಹೇಳಿಕೊಟ್ಟಿದ್ದ. ಇಪ್ಪತ್ತು ವರ್ಷ ಕಾರು ಓಡಿಸಿದವನು. ಬೀದಿಯವರೆಲ್ಲ ಅವನನ್ನು ಪೈಲಟ್ ಎಂದೇ ಕರೆಯುತ್ತಿದ್ದರು. ಅವನಿಗೆ ಎದುರಾಡುವವರು ಯಾರು?

ಅವತ್ತು ಬೆಳಿಗ್ಗೆ ಅವಳು ಹೊಲಿದ ಬಟ್ಟೆಗಳ ಗಂಟನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು ಅಂಗಡಿಗೆ ಹೊರಟಳು. ಸರ್ಕಲ್ ಬಂತು. ನಾಲ್ಕೂ ದೀಪ ಹಾಕಿ ನೇರ ಹೊರಟಳು. ಎಡಗಡೆ ರಸ್ತೆಯ ಬಾಯಲ್ಲಿ ಕಾದು ನಿಂತಿದ್ದ ಸ್ಕೂಟರ್ ಒಮ್ಮೆಲೇ ಮುಂದೆ ಬಂತು. ಬ್ರೇಕ್ ತುಳಿದಳು. ಸ್ಕೂಟರ್ ಮಗುಚಿತು. ಕಾರಿನ ಚಕ್ರಕ್ಕೂ ಬಿದ್ದವಳ ತಲೆಗೂ ನಡುವೆ ಉಳಿದದ್ದು ಒಂದು ಗೇಣು.

ಹೊಲಿಗೆಯಕ್ಕನಿಗೆ ಕಾಲು ಬ್ರೇಕಿನಿಂದ ಎತ್ತಲೇ ಆಗಲಿಲ್ಲ. ಬಿದ್ದವಳು ಎದ್ದು ಕೂತು ಹೆಲ್ಮೆಟ್ ತೆಗೆದಳು. ಹಿಂದಿನ ಬೀದಿಯಲ್ಲಿ ಹೆಂಗಸರಿಗೆ ಕಾರು ಕಲಿಸುವ ಟೀಚರ್!

"ಅಲ್ಲ ಕಣಮ್ಮ, ಎಡಗಡೆ ದೀಪ ಹಾಕಿ ನೇರ ಬಂದ್ಯಲ್ಲ!"

"ಇಲ್ಲ ಟೀಚರ್, ನಾಲ್ಕೂ ಹಾಕಿದ್ದೆ."

ಹಾಗೆ ಕಲಿಸಿದವರು ಯಾರೆಂದು ಟೀಚರ್ ಕೇಳಿ ತಿಳಿದುಕೊಂಡರು. ಆಮೇಲೆ ಸ್ಕೂಟರ್ ಎತ್ತಿ ಹೊರಟರು.

ಮನೆಗೆ ಬಂದವಳು ಕುಕ್ಕರಿಸಿದಳು. "ಇನ್ನು ನಾನು ಕಾರು ಮುಟ್ಟಲ್ಲ ರೀ."

"ಆ ಟೀಚರಿಗೆ ಕಣ್ಣು ಮಂಜಾಗಿರ್ಬೇಕು, ಬಿಡೇ. ನಿಂದೇನು ತಪ್ಪು?" ಎಂದ ಪೈಲಟ್.

ತಪ್ಪಿಲ್ಲ ಎಂದು ಅವನು ಹೇಳಿದಷ್ಟೂ ಅವಳ ಭಯ ಹೆಚ್ಚಿತು. ಕಾರು ಕಲಿತ ಈ ಮೂರು ವರ್ಷದಲ್ಲಿ ಎಷ್ಟು ಸಲ ಹೀಗೇ ದಾಟಿದ್ದೇನೆ? ಎಷ್ಟು ಜನ ನನ್ನ ಚಕ್ರದಡಿಯಿಂದ ಕೂದಲೆಳೆಯಲ್ಲಿ ಪಾರಾದರೋ, ನನಗೇ ಗೊತ್ತಿಲ್ಲವಲ್ಲ!

ಸಂಜೆ ಟೀಚರ್ ಬಂದರು, ಮೊಣಕೈಗೆ ಬ್ಯಾಂಡೇಜು.

"ಪೈಲಟ್ ಸಾಹೇಬ್ರೇ, ಸ್ವಲ್ಪ ಭೂಮಿಗಿಳಿದು ಬನ್ನಿ."

ಅವನನ್ನು ಕಾರಿನ ಎಡಕ್ಕೆ ನಿಲ್ಲಿಸಿದರು. ಹೊಲಿಗೆಯಕ್ಕ ಒಳಗೆ ಕೂತು ನಾಲ್ಕೂ ದೀಪ ಹಾಕಿದಳು.

"ಯಾವ ಕಡೆ ದೀಪ ಕಾಣುತ್ತೆ?"

ಅವನು ಬಗ್ಗಿ ಇಣುಕಿದ.

"ಇಣುಕ್ಬೇಡಿ. ಸರ್ಕಲ್ಲಲ್ಲಿ ಯಾರಿಗೆ ಅಷ್ಟು ಪುರುಸೊತ್ತು?"

"ಎಡಗಡೇದು... ಮಾತ್ರ."

"ಅಂದ್ರೆ?"

"ಎಡಕ್ಕೆ ತಿರುಗ್ತಾಳೆ ಅಂತ..." ಪೈಲಟ್ ಮೆಟ್ಟಿಲ ಮೇಲೆ ಕುಸಿದು ಕೂತ. "ಇಪ್ಪತ್ತು ವರ್ಷ! ಇವಳಿಗೂ ಅದನ್ನೇ ಕಲಿಸಿದೆನಲ್ಲ!"

ಗಂಡನ ಮುಖ ಹೀಗೆ ಬಿಳಿಚಿದ್ದನ್ನು ಅವಳು ಎಂದೂ ನೋಡಿರಲಿಲ್ಲ. ಅವಳೇ ಕೇಳಿದಳು: "ಮತ್ತೆ ನೇರ ಹೋಗೋದು ಹೇಗೆ ಟೀಚರ್?"

"ಒಳಗೆ ಹೋಗೋವಾಗ ಯಾವ ದೀಪವೂ ಬೇಡ. ಬಲಗಡೆಯಿಂದ ಸುತ್ತಿ ಬರೋರಿಗೆ ಮೊದಲು ದಾರಿ ಬಿಡು. ಎಡಗಡೆ ರಸ್ತೆ ದಾಟಿದ ಕೂಡಲೇ ಎಡ ದೀಪ ಹಾಕಿ ನಿನ್ನ ರಸ್ತೆಗೆ ಇಳಿ. ಬಲಕ್ಕೆ ಹೋಗೋದಾದ್ರೆ ಬಲ ದೀಪ ಹಾಕ್ಕೊಂಡೇ ಒಳಗೆ ಹೋಗು, ನೇರದ ರಸ್ತೆ ದಾಟಿದ್ಮೇಲೆ ಎಡಕ್ಕೆ ಬದಲಾಯಿಸು. ನಾಲ್ಕೂ ದೀಪ ಇರೋದು ಗಾಡಿ ಕೆಟ್ಟು ನಿಂತಾಗ."

ಮರುದಿನ ಪೈಲಟ್ ತಾನಾಗಿ ಪಕ್ಕದ ಸೀಟಿನಲ್ಲಿ ಕೂತ. "ನೀನೇ ಓಡಿಸು. ಇವತ್ತು ನಾನು ಕಲಿಯೋನು."

ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಗಾಡಿ ಕಲಿಸಿದವರು ಎಷ್ಟೇ ಹತ್ತಿರದವರಾಗಿರಲಿ, ಕಲಿಸಿದ್ದು ಸರಿಯೇ ಎಂದು ಬಲ್ಲವರನ್ನು ಇವತ್ತೇ ಕೇಳಿ. ಕೇಳಿದರೆ ಮಾನ ಹೋಗುವುದಿಲ್ಲ. ಕೇಳದಿದ್ದರೆ ಯಾರದೋ ಪ್ರಾಣ ಹೋಗಬಹುದು.