ಶಶಿರೇಖಾಳ ವ್ಯಾನಿನ ಕರೆಂಟು

ಯಲಹಂಕದ ಒಂದು ಪಾಲಿಟೆಕ್ನಿಕ್‌ನಲ್ಲಿ ಭಾಗ್ಯಶ್ರೀ ಹದಿನಾಲ್ಕು ವರ್ಷದಿಂದ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಬಾಗಲಕೋಟೆ ಕಡೆಯವಳು. ಗಂಡ ವಿಜಯಕುಮಾರ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಸೂಪರ್‌ವೈಸರ್. ಸಹಕಾರನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅದೇ ಕಾಲೇಜಿನ ಲೈಬ್ರರಿಯಲ್ಲಿದ್ದ ಶಶಿರೇಖಾ ಅವಳ ಗೆಳತಿ. ಜಕ್ಕೂರಿನ ಹಳೇ ಮನೆತನವೊಂದರ ಸೊಸೆ. ದಿನಾ ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಇಬ್ಬರೂ ಒಟ್ಟಿಗೆ ಟೀ ಕುಡಿಯುತ್ತಿದ್ದರು.

ಶಶಿರೇಖಾಳ ಗಂಡ ಮುನೇಶ್ ಶಾಲಾ ಮಕ್ಕಳನ್ನು ಸಾಗಿಸುತ್ತಿದ್ದ ಟೆಂಪೋ ಟ್ರಾವೆಲರ್ ಕೆಲಸವಿಲ್ಲದೆ ಮನೆ ಮುಂದೆ ನಿಂತಿತ್ತು. ಒಂದು ದಿನ ಟೀ ಕುಡಿಯುತ್ತಾ ಶಶಿರೇಖಾ ಕೇಳಿದಳು.

"ಅದನ್ನ ಒಳಗಿಂದ ಮನೆ ಥರ ಮಾಡ್ಬಿಟ್ರೆ ಹೆಂಗಿರುತ್ತೆ ಭಾಗ್ಯಾ? ಮೇಲೆ ಸೋಲಾರ್ ಹಾಕಿ, ಒಳಗೆ ಫ್ರಿಜ್ಜು, ಮಿಕ್ಸಿ, ಇಂಡಕ್ಷನ್ನು. ಕರೆಂಟ್ ಇಲ್ದಿರೋ ಜಾಗಕ್ಕೂ ಹೋಗಿ ಇರ್ಬಹುದು. ಆಗುತ್ತಾ?"

"ಯಾಕಾಗೂದಿಲ್ಲ?" ಎಂದಳು ಭಾಗ್ಯಶ್ರೀ. "ಬ್ಯಾಟರಿ ಅಂದ್ರ ಮನಿ ಮ್ಯಾಲಿನ ನೀರಿನ ಟ್ಯಾಂಕ್ ಇದ್ದಂಗ. ಪ್ಯಾನೆಲ್ ಅಂದ್ರ ಬೋರ್‌ವೆಲ್. ಇಂಡಕ್ಷನ್ ದೊಡ್ಡ ನಳ, ಫ್ರಿಜ್ಜು ಹನಿ ಹನಿ ಸೋರೋ ನಳ. ದಿನಕ್ಕ ಎಷ್ಟ್ ತುಂಬತೈತಿ, ಎಷ್ಟ್ ಹರೀತೈತಿ, ಅಷ್ಟ ನೋಡ್ಕೋಬೇಕು."

ಆ ಸಂಜೆಯೇ ಅವಳು ವೈರಿಂಗ್ ನಕ್ಷೆ ಬರೆದುಕೊಟ್ಟಳು. ಎರಡು ಪ್ಯಾನೆಲ್, ಒಂದು ದೊಡ್ಡ ಲಿಥಿಯಂ ಬ್ಯಾಟರಿ, ಇನ್ವರ್ಟರ್, ಎಲ್ಲೆಲ್ಲಿ ಫ್ಯೂಸ್, ಯಾವ ದಪ್ಪದ ವೈರ್ ಎಂಬುದೆಲ್ಲ ಅದರಲ್ಲಿತ್ತು. ಮುನೇಶ್ ಮೂರು ತಿಂಗಳು ಭಾನುವಾರ ಬಿಡದೆ ಕೂತು ಕೆಲಸ ಮುಗಿಸಿದ. ಭಾಗ್ಯಶ್ರೀ ನಾಲ್ಕು ಸಲ ಜಕ್ಕೂರಿಗೆ ಹೋಗಿ ಪ್ರತಿಯೊಂದು ಜೋಡಣೆಯನ್ನೂ ಎಳೆದು ನೋಡಿ ಬಂದಳು. ಮೊದಲ ಸಲ ವ್ಯಾನಿನೊಳಗೆ ಮಿಕ್ಸಿ ಗರ್ರೆಂದಾಗ ಶಶಿರೇಖಾ ಅವಳನ್ನು ತಬ್ಬಿಕೊಂಡಿದ್ದಳು.

ಹೊಟ್ಟೆಕಿಚ್ಚು ಶುರುವಾದದ್ದು ಆಮೇಲೆ.

ಶಶಿರೇಖಾ ವ್ಯಾನಿನಲ್ಲಿ ತಿರುಗಾಡಿದ ವಿಡಿಯೋಗಳನ್ನು ಯೂಟ್ಯೂಬಿಗೆ ಹಾಕತೊಡಗಿದಳು. ಬೆಟ್ಟದ ಬುಡದಲ್ಲಿ ಇಡ್ಲಿ, ಕೆರೆ ದಂಡೆಯಲ್ಲಿ ಬಿಸಿಬೇಳೆಬಾತ್. ಜನ ಮುಗಿಬಿದ್ದು ನೋಡಿದರು. ಭಾಗ್ಯಶ್ರೀಯ ಅಕ್ಕಪಕ್ಕದ ಮನೆಯವರು ಕೂಡ "ನಿಮ್ಮ ಕಾಲೇಜಲ್ಲೇ ಇದ್ದಾರಂತಲ್ಲ?" ಎಂದು ಕೇಳಿದರು. ವಿಜಯಕುಮಾರನೂ ಊಟಕ್ಕೆ ಕೂತಾಗ ಅದೇ ವಿಡಿಯೋ ಹಾಕಿಕೊಳ್ಳುತ್ತಿದ್ದ.

"ಭಾರೀ ಧೈರ್ಯದ ಹೆಣ್ಮಗಳು ನೋಡು," ಎಂದ ಒಂದು ದಿನ.

"ನಾವೂ ಅಂಥಾದೊಂದು ಮಾಡೂಣ ಅಂತ ಹೋದ ವರ್ಷ ನಾ ಹೇಳಿದ್ದೆ," ಎಂದಳು ಭಾಗ್ಯಶ್ರೀ.

"ನಮಗ್ಯಾಕ ಬೇಕ ಅದೆಲ್ಲಾ?" ಎಂದು ಅವನು ರೊಟ್ಟಿ ಮುರಿದ.

ಕಾಲೇಜು ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರು ಶಶಿರೇಖಾಳಿಗೆ ಶಾಲು ಹೊದಿಸಿದರು. ಮೈಕಿನ ಮುಂದೆ ನಿಂತ ಅವಳು, "ತುಂಬಾ ಸಿಂಪಲ್ಲು. ಬ್ಯಾಟರಿ ಅಂದ್ರೆ ಮನೆ ಮೇಲಿನ ನೀರಿನ ಟ್ಯಾಂಕು, ಪ್ಯಾನೆಲ್ ಅಂದ್ರೆ ಬೋರ್‌ವೆಲ್ಲು" ಎಂದಳು. ಸಭೆ ಚಪ್ಪಾಳೆ ಹೊಡೆಯಿತು. ಮೂರನೇ ಸಾಲಿನಲ್ಲಿ ಕೂತಿದ್ದ ಭಾಗ್ಯಶ್ರೀ ತನ್ನ ಹೆಸರು ಈಗ ಬಂದೀತು, ಇನ್ನೊಂದು ಮಾತಿಗೆ ಬಂದೀತು ಎಂದು ಕಾದಳು. ಗಂಡನ ಹೆಸರು ಬಂತು, ಅತ್ತೆಯ ಹೆಸರು ಬಂತು, ಗಾಡಿಗೆ ಬಣ್ಣ ಹೊಡೆದ ಮಣಿಕಂಠನ ಹೆಸರೂ ಬಂತು. ಶಶಿರೇಖಾ ವೇದಿಕೆ ಇಳಿದಳು.

ಭಾಗ್ಯಶ್ರೀ ಹೋಗಿ ಕೈಕುಲುಕಿದಳು. ನಕ್ಕಳು ಕೂಡ. ಬಾಯಿಬಿಟ್ಟು ಕೇಳಬಹುದಿತ್ತು. ಕೇಳಿದರೆ ಸಣ್ಣವಳಾಗುತ್ತೇನೆ ಎಂದುಕೊಂಡು ಸುಮ್ಮನಿದ್ದಳು. ಸುಮ್ಮನಿದ್ದಷ್ಟೂ ಒಳಗಿನದು ಬೆಳೆಯಿತು. ಶಶಿರೇಖಾ ಹೊಸ ಸೀರೆ ಉಟ್ಟರೆ ಅದು ವಿಡಿಯೋಗಾಗಿ ಎನಿಸುತ್ತಿತ್ತು, ಟೀಗೆ ತಡವಾಗಿ ಬಂದರೆ ಸೊಕ್ಕು ಎನಿಸುತ್ತಿತ್ತು.

ಹಾಗಿದ್ದಾಗಲೇ ಫೆಬ್ರುವರಿಯ ಒಂದು ಶನಿವಾರ ಶಶಿರೇಖಾ ಅವರಿಬ್ಬರನ್ನೂ ಕರೆದಳು. ಮಾಕಳಿಯಿಂದ ಏಳೆಂಟು ಕಿಲೋಮೀಟರ್ ಒಳಗೆ ಮುನೇಶನ ಸೋದರಮಾವ ಮುನಿಆಂಜಿನಪ್ಪನವರ ಮಾವಿನ ತೋಪಿತ್ತು. ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಒಂದು ರಾತ್ರಿ ಇದ್ದು ಬರುವುದೆಂದು ಮಾತಾಯಿತು. ವಿಜಯಕುಮಾರನೇ ಮುಂದಾಗಿ ಹೂಂ ಎಂದ.

ವ್ಯಾನಿನಲ್ಲಿ ಮುನೇಶನ ತಾಯಿ ಗೋಪಾಲಮ್ಮನೂ ಇದ್ದರು. ಎಪ್ಪತ್ತು ದಾಟಿದ ಆಸ್ತಮಾ ರೋಗಿ. ತೋಪು ತಲುಪಿ ಗಾಡಿಯನ್ನು ಮರಗಳ ನೆರಳಿನಿಂದಾಚೆ ಬಿಸಿಲಿಗೆ ನಿಲ್ಲಿಸಿದ ಮೇಲೆ, ಅವರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನೆಬ್ಯುಲೈಸರ್ ಹಚ್ಚಿಕೊಂಡು, ಮಾಸ್ಕಿನಿಂದ ಹತ್ತು ನಿಮಿಷ ಔಷಧಿ ಎಳೆದುಕೊಂಡರು.

"ಬೆಳಿಗ್ಗೆ ಒಂದ್ಕಿತ, ಸಂಜೆ ಒಂದ್ಕಿತ ಬೇಕು ಕಣಮ್ಮ," ಎಂದರು ಭಾಗ್ಯಶ್ರೀಗೆ. "ಈ ಮಿಸಿನ್ ಬಿಟ್ಟು ಎಲ್ಲೂ ಓಗಂಗಿಲ್ಲ ನಾನು. ಆರು ವರ್ಸ ಆಯ್ತು ಊರಾಚೆ ಕಾಲಿಟ್ಟು. ಈಗ ನೋಡು, ಇಂಗೆ ಕುಂತಲ್ಲೇ ಕರೆಂಟು!"

ಅಡುಗೆಗೆ ಸಿದ್ಧವಾಗುತ್ತಿದ್ದ ಶಶಿರೇಖಾ ತಿರುಗಿ, "ಭಾಗ್ಯಾ, ಇವತ್ತು ಬ್ಯಾಟರಿ ಮೀಟ್ರು ನಿನ್ ಡ್ಯೂಟಿ ಕಣೇ. ನೀನಿದ್ಮೇಲೆ ನಾನ್ಯಾಕೆ ತಲೆ ಕೆಡಿಸ್ಕೊಳ್ಲಿ?" ಎಂದಳು. ಹೇಳಿ ಫೋನನ್ನು ಕೋಲಿಗೆ ಸಿಕ್ಕಿಸಿದಳು. "ಸಂಜೆ ಇಲ್ಲೇ ಎಲ್ಲರಿಗೂ ಬಿಸಿ ಬಿಸಿ ಬಜ್ಜಿ. ಅದನ್ನ ಲೈವ್ ಮಾಡ್ತೀನಿ."

ನನಗೆ ಡ್ಯೂಟಿ, ಅವಳಿಗೆ ಲೈವ್ ಎಂದುಕೊಂಡಳು ಭಾಗ್ಯಶ್ರೀ.

ಎಲ್ಲರೂ ತೋಪು ನೋಡಲು ಹೊರಟಾಗ ಅವಳು ಹಿಂದುಳಿದಳು. ಹಿಂಬದಿಯ ಸಣ್ಣ ಕಪಾಟು ತೆರೆದಳು. ಪ್ಯಾನೆಲ್‌ಗಳಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಒಂದು ಸ್ವಿಚ್ಚಿತ್ತು. ಅಲ್ಲಿ ಅದು ಬೇಕೆಂದು ಹೇಳಿದವಳೂ ಅವಳೇ. ಅದನ್ನು ಕೆಳಕ್ಕೆ ಇಳಿಸಿದಳು. ಟಕ್ ಎಂದಿತು. ಇನ್ನು ದಿನವಿಡೀ ಬಿಸಿಲು ಎಷ್ಟು ಸುರಿದರೂ ಬ್ಯಾಟರಿಗೆ ಹನಿಯೂ ಸೇರುವುದಿಲ್ಲ. ಮಧ್ಯಾಹ್ನದ ಅಡುಗೆ ಆದೀತು. ಸಂಜೆ ಸಾವಿರಾರು ಜನರ ಕಣ್ಣೆದುರು ಎಣ್ಣೆ ಕಾಯುವ ಮುಂಚೆಯೇ ಇಂಡಕ್ಷನ್ ಆರೀತು. ಅವಳು ಯೋಚಿಸಿದ್ದು ಅಷ್ಟೇ. ಸೀಟಿನ ಪಕ್ಕದಲ್ಲೇ ಇದ್ದ ಗೋಪಾಲಮ್ಮನ ಯಂತ್ರ ಅವಳ ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬೀಳಲಿಲ್ಲ.

ಮಧ್ಯಾಹ್ನ ಅನ್ನದ ಕುಕ್ಕರ್, ಇಂಡಕ್ಷನ್, ಮಿಕ್ಸಿ, ಸಣ್ಣ ಫ್ಯಾನ್ ಎಲ್ಲವೂ ಓಡಿದವು. ಉಪ್ಪುಸಾರು, ಮುದ್ದೆ ಆದವು. ವಿಜಯಕುಮಾರ ಎರಡು ಸಲ ಬಡಿಸಿಕೊಂಡು ಹೊಗಳಿದ. ಮೂರು ಗಂಟೆಗೆ ಶಶಿರೇಖಾ ಕೇಳಿದಳು, "ಮೀಟ್ರು ಹೆಂಗಿದೆ ಭಾಗ್ಯಾ?"

"ಅರಾಮ್ ಐತಿ," ಎಂದಳು ಭಾಗ್ಯಶ್ರೀ. ಮೀಟರ್ ಶೇಕಡಾ ಮೂವತ್ತಕ್ಕೆ ಇಳಿದಿತ್ತು.

ಐದೂಮುಕ್ಕಾಲಿಗೆ ಶಶಿರೇಖಾ ಲೈವ್ ಶುರುಮಾಡಿದಳು. ಕಡಲೆಹಿಟ್ಟು ಕಲಸುತ್ತಾ ಸೋಲಾರ್ ಬಗ್ಗೆ ಹೇಳುತ್ತಾ ಬಾಣಲೆ ಇಟ್ಟಳು. ಎರಡು ನಿಮಿಷವಾಗಿರಲಿಲ್ಲ, ಇನ್ವರ್ಟರ್ ಕೀಂ ಕೀಂ ಎಂದು ಕೂಗಿ ಎಲ್ಲವೂ ಒಟ್ಟಿಗೆ ನಿಂತಿತು. ಫ್ಯಾನ್ ಕೂಡ.

"ಅಯ್ಯೋ... ಏನೋ ಆಯ್ತು, ಒಂದ್ನಿಮಿಷ ಇರಿ," ಎಂದು ಶಶಿರೇಖಾ ಫೋನಿನತ್ತ ನಗಲು ನೋಡಿದಳು. ಮುಖ ಕೆಂಪಾಗಿತ್ತು. ಗುಂಡಿಗಳನ್ನು ಒತ್ತಿದಳು, ಏನೂ ಆಗಲಿಲ್ಲ. ಲೈವ್ ನಿಲ್ಲಿಸಿದಳು.

ಇಷ್ಟು ದಿನ ಕಾದದ್ದು ಇದಕ್ಕೇ ಎಂದು ಭಾಗ್ಯಶ್ರೀಗೆ ಒಂದು ಗಳಿಗೆ ಹಿತವಾಯಿತು.

"ಹೋಗ್ಲಿ ಬಿಡು, ಒಲೆ ಹಚ್ಚೋಣ," ಎಂದ ಮುನೇಶ್ ಕಲ್ಲು ಜೋಡಿಸಿ, ಉದುರಿದ್ದ ಮಾವಿನ ರೆಂಬೆಗಳಿಗೆ ಬೆಂಕಿ ಕೊಟ್ಟ. ಅರ್ಧ ಹಸಿಯಿದ್ದ ಕಟ್ಟಿಗೆ ದಟ್ಟವಾಗಿ ಹೊಗೆಯಾಡಿತು. ಗಾಳಿ ತಿರುಗಿ ಹೊಗೆಯೆಲ್ಲ ವ್ಯಾನಿನ ಬಾಗಿಲೊಳಗೆ ನುಗ್ಗಿತು. ಒಳಗೆ ಮಲಗಿದ್ದ ಗೋಪಾಲಮ್ಮ ಕೆಮ್ಮತೊಡಗಿದರು. ಕೆಮ್ಮು ನಿಂತಾಗ ಉಸಿರೂ ಸರಿಯಾಗಿ ಬರಲಿಲ್ಲ. ಎದೆಯಿಂದ ಸುಂಯ್ ಸುಂಯ್ ಎಂಬ ಸದ್ದು ಹೊರಗೆ ನಿಂತವರಿಗೂ ಕೇಳಿಸಿತು.

ಶಶಿರೇಖಾ ಓಡಿಹೋಗಿ ಮಾಸ್ಕ್ ಹಾಕಿ ನೆಬ್ಯುಲೈಸರ್ ಸ್ವಿಚ್ ಒತ್ತಿದಳು. ಅದು ಓಡಲಿಲ್ಲ. ಜೇಬಿನಲ್ಲಿಟ್ಟುಕೊಳ್ಳುವ ಇನ್‌ಹೇಲರ್ ಪಂಪನ್ನು ಎರಡು ಸಲ ಎಳೆಸಿದರೂ ಗುಣ ಕಾಣಲಿಲ್ಲ.

"ಮುನೇಶ್, ಅತ್ತೆ ತುಟಿ ನೋಡಿ ಹೆಂಗಾಗಿದೆ!" ಎಂದು ಕೂಗಿದಳು.

"ನೆಲಮಂಗಲದ ಆಸ್ಪತ್ರೆಗೆ ಹೋಗ್ಬಿಡೋಣ," ಎಂದು ಮುನೇಶ್ ಕೀಲಿಗಾಗಿ ಜೇಬು ತಡಕಿದ. "ಆ ಮಣ್ಣು ರಸ್ತೆಲಿ ಮುಕ್ಕಾಲು ಗಂಟೆ ಆಗುತ್ತಲ್ಲಪ್ಪ ದೇವ್ರೇ."

ಭಾಗ್ಯಶ್ರೀ ಕಪಾಟಿಗೆ ಓಡಿ ಸ್ವಿಚ್ ಮೇಲೆತ್ತಿದಳು. ಸೂರ್ಯ ಮರಗಳ ತುದಿಗೆ ಇಳಿದಿದ್ದ. ಪ್ಯಾನೆಲ್‌ನಿಂದ ಬಂದದ್ದು ಒಂದು ಬಲ್ಬಿಗೆ ಸಾಲುವಷ್ಟು. ಬರಿದಾದ ಬ್ಯಾಟರಿ ಏಳಲಿಲ್ಲ. ಅವಳು ಅಲ್ಲಿಂದಲೇ ಕೂಗಿದಳು.

"ಮುನೇಶಣ್ಣಾ, ಗಾಡಿ ಸ್ಟಾರ್ಟ್ ಮಾಡ್ರಿ, ಆದ್ರ ಹೋಗಬ್ಯಾಡ್ರಿ! ಎಂಜಿನ್ ಓಡಲಿ. ಜಂಪರ್ ಕೇಬಲ್ ಎಲ್ಲೈತಿ?"

ಫ್ರಿಜ್, ಇಂಡಕ್ಷನ್ ಪ್ಲಗ್‌ಗಳನ್ನೆಲ್ಲ ಕಿತ್ತಳು. ಇನ್ವರ್ಟರಿನ ತಂತಿಗಳನ್ನು ಖಾಲಿ ಬ್ಯಾಟರಿಯಿಂದ ಬಿಚ್ಚಿ, ಮುನೇಶ್ ತೋರಿಸಿದ ದಪ್ಪ ಜಂಪರ್ ಕೇಬಲ್‌ಗಳಿಂದ ಗಾಡಿಯ ಸ್ವಂತ ಬ್ಯಾಟರಿಗೆ ಸೇರಿಸಿದಳು. ಒಂದು ಕ್ಲಿಪ್ ಜಾರಿ ಕಿಡಿ ಹಾರಿತು. ವಿಜಯಕುಮಾರ "ಹುಷಾರ್!" ಎಂದ. ಮತ್ತೆ ಹಚ್ಚಿದಳು. ಹಸಿರು ದೀಪ ಬಂತು. ಒಳಗೆ ನೆಬ್ಯುಲೈಸರ್ ಗೊರ್ರೆಂದಿತು.

ಐದು ನಿಮಿಷ ಕಳೆದ ಮೇಲೆ ಗೋಪಾಲಮ್ಮನ ಭುಜಗಳು ಸಡಿಲಾದವು. ಹದಿನೈದು ನಿಮಿಷಕ್ಕೆ ಅವರು ಮಾಸ್ಕ್ ಸರಿಸಿ ಭಾಗ್ಯಶ್ರೀಯ ಕೈ ಹಿಡಿದುಕೊಂಡರು.

"ನೀನಿಲ್ದಿದ್ರೆ ಇವತ್ತು ನಾನು ಓಗ್ಬಿಡ್ತಿದ್ದೆ ಕಣಮ್ಮ. ನಿನ್ ಒಟ್ಟೆ ತಣ್ಗಿರ್ಲಿ," ಎಂದರು.

ಭಾಗ್ಯಶ್ರೀಗೆ ಅಲ್ಲಿ ನಿಲ್ಲಲಾಗಲಿಲ್ಲ. ಇಳಿದು ಮಾವಿನ ಮರದ ಕಡೆ ನಡೆದಳು. ಶಶಿರೇಖಾ ಹಿಂದೆಯೇ ಬಂದಳು. ಅಳುತ್ತಿದ್ದಳು.

"ಭಾಗ್ಯಾ, ಒಂದ್ ಮಾತು ಹೇಳ್ಬೇಕು ಕಣೇ. ಅವತ್ತು ಕಾಲೇಜಲ್ಲಿ ನಿನ್ ಹೆಸ್ರು ನೆನಪಿತ್ತು ನಂಗೆ. ಬೇಕಂತಲೇ ಹೇಳ್ಲಿಲ್ಲ. ಅಷ್ಟು ಜನ ಚಪ್ಪಾಳೆ ಹೊಡೀವಾಗ ಎಲ್ಲಾ ನಂದೇ ಅನ್ನಿಸ್ಕೊಳ್ಳೋಣ ಅನ್ನಿಸ್ಬಿಡ್ತು. ಈಗ್ಲೇ ಲೈವ್ ಹಾಕ್ತೀನಿ. ವ್ಯಾನೆಲ್ಲಾ ನಿನ್ ತಲೆ, ಇವತ್ತು ಅತ್ತೆ ಜೀವ ಉಳಿಸಿದ್ದೂ ನೀನೇ ಅಂತ ಹೇಳ್ತೀನಿ."

ಅವಳು ಫೋನು ತೆಗೆದಳು. ಇಷ್ಟು ತಿಂಗಳು ಭಾಗ್ಯಶ್ರೀ ಬಯಸಿದ್ದು ಇದೇ ಮಾತು. ಸುಮ್ಮನಿದ್ದರೆ ಸಾಕಿತ್ತು, ಬ್ಯಾಟರಿ ಯಾಕೆ ಬರಿದಾಯಿತೆಂದು ಯಾರೂ ಕೇಳಿರಲಿಲ್ಲ.

"ಹಾಕಬ್ಯಾಡ," ಎಂದಳು. "ಪ್ಯಾನೆಲ್ ಸ್ವಿಚ್ ಬೆಳಿಗ್ಗೆನ ನಾ ಇಳಿಸಿದ್ದೆ, ಶಶಿ. ನಿನ್ನ ಲೈವ್ ಕೆಡ್ಲಿ ಅಂತ. ಮೀಟರ್ ಅರಾಮ್ ಐತಿ ಅಂದದ್ದೂ ಸುಳ್ಳು."

ಶಶಿರೇಖಾಳ ಕೈಯಲ್ಲಿದ್ದ ಫೋನು ಕೆಳಗಿಳಿಯಿತು.

"ಅತ್ತೆ ಬೆಳಿಗ್ಗೆ ಮಿಷಿನ್ ಹಾಕ್ಕೊಂಡಿದ್ದು ನೋಡಿದ್ಯಲ್ಲ ನೀನು?"

"ನೋಡಿದ್ದೆ."

"ನೋಡಿನೂ..." ಎಂದು ಶಶಿರೇಖಾ ಮಾತು ಮುಗಿಸದೆ ವ್ಯಾನಿನತ್ತ ತಿರುಗಿ ನಡೆದಳು.

ಆ ಸಂಜೆಯೇ ಎಲ್ಲರೂ ಹಿಂತಿರುಗಿದರು. ದಾರಿಯಲ್ಲಿ ಗೋಪಾಲಮ್ಮ ಒಬ್ಬರೇ ಮಾತಾಡಿದರು. ಮನೆಯಲ್ಲಿ ವಿಜಯಕುಮಾರ ಏನಾಯಿತೆಂದು ಕೇಳಿದಾಗ ಭಾಗ್ಯಶ್ರೀ ಎಲ್ಲವನ್ನೂ ಹೇಳಿದಳು. "ಇಷ್ಟ್ ಹೊಟ್ಟಿ ಉರೀತಿತ್ತು ಅಂತ ನನಗ ಗೊತ್ತ ಆಗ್ಲಿಲ್ಲಲ್ಲ," ಎಂದ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಸೋಮವಾರ ಹನ್ನೊಂದಕ್ಕೆ ಶಶಿರೇಖಾ ಕ್ಯಾಂಟೀನಿಗೆ ಬರಲಿಲ್ಲ. ಮಾರನೇ ದಿನವೂ ಇಲ್ಲ. ಎದುರು ಸಿಕ್ಕರೆ "ನಮಸ್ಕಾರ ಮೇಡಮ್" ಎಂದು ದಾಟುತ್ತಿದ್ದಳು. ಹೊಸದಾಗಿ ಸೇರಿದ ಲೆಕ್ಚರರ್‌ಗಳಿಗೆ ಹೇಳುವ ಹಾಗೆ. ಆದರೆ ಕಾಲೇಜಿನಲ್ಲಿ ಯಾರ ಬಾಯಲ್ಲೂ ಈ ವಿಷಯ ಬರಲಿಲ್ಲ. ಅವಳು ಯಾರಿಗೂ ಹೇಳಿರಲಿಲ್ಲ.

ಏಪ್ರಿಲ್ ಕೊನೆಗೆ, ಪರೀಕ್ಷೆ ಮುಗಿದ ಮಧ್ಯಾಹ್ನ, ಲ್ಯಾಬಿನ ಬಾಗಿಲಲ್ಲಿ ಶಶಿರೇಖಾ ನಿಂತಿದ್ದಳು. ಕೂರಲಿಲ್ಲ.

"ಅತ್ತೆ ಮತ್ತೆ ಹೊರಗೆ ಕರ್ಕೊಂಡ್ ಹೋಗು ಅಂತಾರೆ. ಅವ್ರ ಮಿಷಿನ್‌ಗೇ ಅಂತ ಬೇರೆ ಒಂದು ಸಣ್ಣ ಬ್ಯಾಟರಿ ಇಡಬೇಕು. ಉಳಿದಿದ್ದೆಲ್ಲಾ ನಿಂತ್ರೂ ಅದು ನಿಲ್ಬಾರ್ದು. ಅಂಗಡಿಯವ್ರು ಒಬ್ಬೊಬ್ರು ಒಂದೊಂದು ಹೇಳ್ತಾರೆ."

"ನಾ ಬರ್ಲಿ?" ಎಂದಳು ಭಾಗ್ಯಶ್ರೀ.

"ಅದಕ್ಕೇ ಬಂದಿದ್ದು. ಮರ್ತಿದೀನಿ ಅಂದ್ಕೋಬೇಡ. ಇದು ಇನ್ಯಾರಿಗೂ ಇಷ್ಟು ಚೆನ್ನಾಗಿ ಬರಲ್ಲ, ಅದಕ್ಕೆ."

ಭಾನುವಾರ ಭಾಗ್ಯಶ್ರೀ ಜಕ್ಕೂರಿಗೆ ಹೋಗಿ ಇಡೀ ಹಗಲು ಕೆಲಸ ಮಾಡಿದಳು. ಗೋಪಾಲಮ್ಮನಿಗೆ ಏನೂ ಗೊತ್ತಿರಲಿಲ್ಲ. ಒತ್ತಾಯ ಮಾಡಿ ಊಟ ಬಡಿಸಿದರು. ಕೆಲಸ ಮುಗಿದಾಗ ಶಶಿರೇಖಾ ಆ ಕಪಾಟಿಗೆ ಹೊಸ ಬೀಗ ಹಾಕಿ, ಭಾಗ್ಯಶ್ರೀಯ ಎದುರಿಗೇ ಕೀಲಿಯನ್ನು ಮುನೇಶನ ಕೈಗೆ ಕೊಟ್ಟಳು. ಭಾಗ್ಯಶ್ರೀ ಅದನ್ನು ನೋಡಿದಳು, ತನ್ನ ಚೀಲ ಎತ್ತಿಕೊಂಡಳು. ಗೇಟಿನವರೆಗೆ ಬಂದ ಶಶಿರೇಖಾ, "ಬಸ್ ಸಿಗುತ್ತಾ ಈಗ?" ಎಂದು ಮಾತ್ರ ಕೇಳಿದಳು.

ಮೇ ತಿಂಗಳಲ್ಲಿ ಅವರು ಕಡಲಿನ ಕಡೆ ಹೋದರು. ವಿಡಿಯೋ ಬಂತು. ಮೊದಲ ಮಾತಿನಲ್ಲೇ ಭಾಗ್ಯಶ್ರೀಯ ಹೆಸರಿತ್ತು. ಗೋಪಾಲಮ್ಮ ಕಾಲು ನೀರಲ್ಲಿ ಇಳಿಬಿಟ್ಟು ನಗುತ್ತಿದ್ದರು, ಹಿಂದೆ ಶಶಿರೇಖಾ ಗಾಳಿಗೆ ಹಾರುವ ಸೆರಗು ಹಿಡಿದು ನಿಂತಿದ್ದಳು. ಅಡುಗೆಮನೆಯಲ್ಲಿ ನಿಂತು ನೋಡುತ್ತಿದ್ದ ಭಾಗ್ಯಶ್ರೀಗೆ ಎದೆಯಲ್ಲಿ ಮತ್ತೆ ಅದೇ ಉರಿ ಕಾಣಿಸಿತು, ಮೊದಲಿಗಿಂತ ಸಣ್ಣಗೆ. ಅದು ಪೂರಾ ಹೋಗುವುದಿಲ್ಲವೆಂದು ಅವಳಿಗೆ ಈಗ ಗೊತ್ತಿತ್ತು. ಫೋನನ್ನು ತೆಗೆದುಕೊಂಡು ಹೋಗಿ ಟಿವಿ ನೋಡುತ್ತಿದ್ದ ಗಂಡನ ಪಕ್ಕದಲ್ಲಿ ಕೂತಳು.

"ನನಗೂ ಒಮ್ಮೆ ಕಡಲು ನೋಡೂದೈತ್ರಿ," ಎಂದಳು. "ಬಾಯಿಬಿಟ್ಟು ಹೇಳಾಕತ್ತೀನಿ."

ವಿಜಯಕುಮಾರ ಟಿವಿ ಸದ್ದು ಕಡಿಮೆ ಮಾಡಿದ.