ಹಲಗೆಯಿಲ್ಲದ ಪಾಠ

ಫ್ರಾನ್ಸಿನಲ್ಲಿರುವ ಅಮೆರಿಕದ ವೀಸಾ ಕಚೇರಿಯಿಂದ ಬಂದ ಲಕೋಟೆಯನ್ನು ಎಲ್ಫ್ರೀಡೆ ಬೆಳಿಗ್ಗೆಯಿಂದ ಒಡೆದಿರಲಿಲ್ಲ. ಒಹಾಯೋದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಖಗೋಳ ಕಲಿಸಲು ಅವಳು ಬಂದು ಇದು ಮೂರನೇ ಚಳಿಗಾಲ. ವಿಯೆನ್ನಾದಲ್ಲಿ ಅವಳಿಗೆ ಕಲಿಸಿದ ಪ್ರೊಫೆಸರ್ ಗ್ರೂನ್‌ಹುಟ್ ಈಗ ಫ್ರಾನ್ಸಿನ ಬಂಧನ ಶಿಬಿರವೊಂದರ ಮುಳ್ಳುತಂತಿಯ ಹಿಂದೆ, ಮೊಣಕಾಲುದ್ದ ಕೆಸರಿನಲ್ಲಿ. ಯಹೂದಿಯಾಗಿ ಹುಟ್ಟಿದ್ದಷ್ಟೇ ತಪ್ಪು.

"ಒಡೀರಿ ಡಾಕ್ಟ್ರೇ, ಬಾಂಬ್ ಏನಲ್ಲ," ಎಂದಳು ಟೈಪಿಸ್ಟ್ ಬ್ರೈಡೀ.

ಪ್ರಾಧ್ಯಾಪಕರಿಗೆ ಸರದಿ ಕಾಯದೆ ವೀಸಾ ಸಿಗುತ್ತಿತ್ತು, ನಿಜ. ಆದರೆ ಹಿಂದಿನ ಎರಡು ವರ್ಷ ಅವರು ಪಾಠ ಹೇಳುತ್ತಲೇ ಇದ್ದಿರಬೇಕು. ಕುತ್ತಿಗೆ ಹಿಡಿದು ತರಗತಿಯಿಂದ ಹೊರದಬ್ಬಿದವರು ಒಬ್ಬರು, ಹೊರಗೇಕೆ ನಿಂತೆ ಎಂದು ಗದರುವವರು ಇನ್ನೊಬ್ಬರು. ಅದಕ್ಕೇ ಅವಳು ಕಚೇರಿಗೆ ಬರೆದಿದ್ದಳು: ಪ್ರೊಫೆಸರು ಶಿಬಿರದಲ್ಲೂ ಪಾಠ ಮಾಡುತ್ತಿದ್ದಾರೆ. ಸುಳ್ಳಲ್ಲ. ಸಂಜೆ ಶೆಡ್ಡಿನ ಹಿಂದೆ ಜನ ಸೇರಿಸಿ ನಕ್ಷತ್ರ ತೋರಿಸುತ್ತೇನೆಂದು ಅವರೇ ತಿಳಿಸಿದ್ದರು.

ಕಚೇರಿ ಅವರನ್ನೇ ಕೇಳಿತ್ತು. ಕೊನೆಗೂ ಒಡೆದ ಲಕೋಟೆಯಲ್ಲಿ ಅವರ ಉತ್ತರದ ನಕಲು: 'ನನ್ನ ಶಿಷ್ಯೆಯ ಹೇಳಿಕೆಯನ್ನು ತಿದ್ದಬೇಕಾಗಿದೆ. ಇಲ್ಲಿ ಕಪ್ಪುಹಲಗೆಯಿಲ್ಲ, ಪರೀಕ್ಷೆಯಿಲ್ಲ. ಇದು ಪಾಠವಲ್ಲ, ಬರೀ ಮಾತುಕತೆ.' ಕೆಳಗೆ ಕಚೇರಿಯ ಒಂದು ಸಾಲು: ಬೇರೇನಾದರೂ ಹೇಳುವುದಿದ್ದರೆ ಮಾರ್ಚ್ ಮುಗಿಯುವುದರೊಳಗೆ ಅವರೇ ತಿಳಿಸಲಿ, ಇಲ್ಲವಾದರೆ ಅರ್ಜಿ ವಜಾ.

"ಎಂಥಾ ಮೇಷ್ಟ್ರು ತಾಯಿ," ಎಂದಳು ಬ್ರೈಡೀ. "ತಮ್ಮ ಗೋರಿ ಮೇಲಿನ ಕಾಗುಣಿತಾನೂ ತಾವೇ ತಿದ್ದೋ ಆಸಾಮಿ."

"ಒಂದು ಸೊನ್ನೆ ಹೆಚ್ಚಾಗಿದ್ದಕ್ಕೆ ನನ್ನ ಇಡೀ ಪ್ರಬಂಧ ವಾಪಸ್ ಕಳಿಸಿದ್ರು."

"ಏನಂತ?"

"ತಪ್ಪು, ಮತ್ತೆ ಬರೆ, ಅಂತ." ಎಲ್ಫ್ರೀಡೆ ಥಟ್ಟನೆ ಟೈಪ್‌ರೈಟರಿನತ್ತ ತಿರುಗಿದಳು. "ಹಾಳೆ ಏರಿಸು ಬ್ರೈಡೀ."

"ಕಚೇರಿಗಾ?"

"ಅಲ್ಲ, ಅವರಿಗೇ."

ಹೇಳತೊಡಗಿದಳು. 'ಪ್ರೊಫೆಸರೇ, ನಿಮ್ಮ ಉತ್ತರ ತಪ್ಪು. ವಿಯೆನ್ನಾದಲ್ಲಿ ನನ್ನ ಮೊದಲ ವರ್ಷದ ಜನವರಿಯಲ್ಲಿ ದೀಪ ಹೋದ ಸಂಜೆ ಹಲಗೆ ಕಾಣದೆ ನೀವು ನಮ್ಮನ್ನು ಮಾಳಿಗೆ ಹತ್ತಿಸಿ ಆಕಾಶ ತೋರಿಸಿದಿರಿ. ಹಾಜರಿ ಪುಸ್ತಕದಲ್ಲಿ ಅದನ್ನು ಪಾಠವೆಂದೇ ಬರೆದಿರಿ. ಕಚೇರಿಗೆ ಮತ್ತೆ ಬರೆಯಿರಿ, ಮಾರ್ಚಿನೊಳಗೆ.'

"ಕೊನೇಲಿ ಪ್ರೀತಿ, ಗೌರವ ಏನೂ ಬೇಡ್ವಾ?"

"ಬೇಡ. ಮೆತ್ತಗೆ ಬರೆದ್ರೆ ಕರುಣೆ ಅಂದ್ಕೋತಾರೆ. ಕರುಣೆಗೆ ಅವರು ಪೆನ್ಸಿಲ್ ಎತ್ತಲ್ಲ."

ಆಮೇಲೆ ದಿನಕ್ಕೆರಡು ಸಲ ಅಂಚೆಪೆಟ್ಟಿಗೆಯ ಮುಂದೆ ನಿಲ್ಲುವುದೇ ಅವಳ ಕೆಲಸವಾಯಿತು. ಊಟ ಸೇರಲಿಲ್ಲ. ಯಾವುದೋ ಶಿಬಿರ ಖಾಲಿ ಮಾಡಿಸಿದರಂತೆ ಎಂದು ಪತ್ರಿಕೆಯಲ್ಲಿ ಬಂದ ದಿನ ಪಾಠದ ನಡುವೆಯೇ ಕುರ್ಚಿ ಹುಡುಕಿ ಕೂತಳು.

ಏಪ್ರಿಲ್ ಕಳೆಯುತ್ತಿರುವಾಗ ಅವಳದೇ ಪತ್ರ ವಾಪಸ್ ಬಂತು. ಸೆನ್ಸಾರಿನವರು ಕತ್ತರಿಸಿ ಅಂಟಿಸಿದ ಲಕೋಟೆ. 'ಜನವರಿ' ಎಂಬುದನ್ನು ಹೊಡೆದುಹಾಕಿ ಮೇಲೆ ಪೆನ್ಸಿಲಿನಲ್ಲಿ 'ಫೆಬ್ರವರಿ' ಎಂದು ತಿದ್ದಿತ್ತು. ಅಂಚಿನಲ್ಲಿ ಪ್ರೊಫೆಸರರ ಅದೇ ಮೊಂಡು ಅಕ್ಷರ: 'ಉಳಿದದ್ದು ಸರಿ. ಕಚೇರಿಗೆ ಈ ದಿನವೇ ಮತ್ತೆ ಬರೆದಿದ್ದೇನೆ.'

"ಈ ದಿನ ಅಂದ್ರೆ ಯಾವ ದಿನ?" ಎಂದಳು ಬ್ರೈಡೀ.

ತಿಂಗಳನ್ನು ತಿದ್ದಿದ ಮನುಷ್ಯ ತನ್ನ ಸಾಲಿಗೆ ತಾರೀಖು ಹಾಕಿರಲಿಲ್ಲ. ಎಲ್ಫ್ರೀಡೆ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚೆ ಮುದ್ರೆ ಮಳೆನೀರಿಗೆ ಕದಡಿತ್ತು. ಮಸೂರ ತಂದು ಇಟ್ಟಳು, ಓರೆ ಮಾಡಿದಳು, ಮತ್ತೆ ಇಟ್ಟಳು.

"ಮಾರ್ಚ್ ಅಲ್ವಾ ಅದು? ನೋಡು ಬ್ರೈಡೀ, ಮಾರ್ಚ್ ಥರ ಕಾಣಲ್ವಾ?"