ನಾಲ್ಕು ಗುಳಿ

ನಾಲ್ಕು ಗುಳಿ — ಕುರ್ಚಿ ಎತ್ತಿದ ಜಾಗದಲ್ಲಿ, ಕಾರ್ಪೆಟ್ಟಿನ ಮೇಲೆ, ಹೆಬ್ಬೆರಳಿನಿಂದ ಒತ್ತಿದ ಹಾಗೆ, ಹನ್ನೊಂದು ವರ್ಷ ಗಂಡ ಅಲ್ಲೇ ಕೂತರಲ್ಲ, ಮಂತ್ರಿಯ ಕುರ್ಚಿ ಹೋದ ಮೇಲೆ ಈ ಕುರ್ಚಿ, ಈಗ ಟೀವಿಯವರು ಬೆಳಕು ಸಾಲದು ಅಂತ ಇದನ್ನೂ ಕಿಟಕಿಯ ಹತ್ತಿರ ಎಳೆದಿದ್ದಾರೆ, ಮಾಜಿಗಳ ಕುರ್ಚಿ ಅಂದರೆ ಅಷ್ಟೇ ತಾನೇ, ಯಾರೋ ಎಳೆಯುವವರೆಗೆ. ಅಡುಗೆಮನೆಯ ಪರದೆಯ ಹಿಂದೆ ಇವಳು ನಿಂತಿದ್ದಾಳೆ, ಆಚೆ ಗಂಡನ ಕಾಲರಿಗೆ ಮೈಕು ಸಿಕ್ಕಿಸುತ್ತಿದ್ದಾರೆ. ಛಾವಣಿ ಸೋರ್ತಿದೆ ಕಣೇ, ಟೀವಿ ಸಂದರ್ಶನಕ್ಕೆ ಒಪ್ಕೊಂಡೆ, ದುಡ್ಡು ಕೊಡ್ತಾರಂತೆ, ಅಂದಿದ್ದರು. ಗೌರವಧನವಂತೆ, ಹೆಸರೇನೋ ಚೆನ್ನಾಗಿದೆ, ಬರೀ ಮಾತಿಗೆ ಅಷ್ಟು ದುಡ್ಡು ಯಾರು ಸುರಿಯುತ್ತಾರೆ, ಸುರಿಯುವುದು ಒಂದು ಹೆಸರಿಗೆ, ಸೇತುವೆ ಫೈಲಿಗೆ ಸಹಿ ಹಾಕಿಸಿದ್ದು ಯಾರು ಅನ್ನುವುದಕ್ಕೆ. ಅಕ್ಕಾ, ಭಾವ ನನ್ ಮಾತು ಕೇಳಲ್ಲ, ನೀನೇ ಹಾಕಿಸ್ಕೊಡು — ಸೇತುವೆ ಗುತ್ತಿಗೆ ಹಿಡಿದ ತಮ್ಮ ತಂದುಕೊಟ್ಟ ಫೈಲು, ಆ ಬೆಳಿಗ್ಗೆ ಇವಳೇ ಲೋಟದ ಪಕ್ಕ ಇಟ್ಟಳು, ರೀ, ಇದಕ್ಕೊಂದು ಹಾಕ್ಬಿಡಿ, ಕಾಫಿ ಆರುತ್ತೆ, ಹಾಕಿದರು, ಇವಳ ಮುಖ ನೋಡಿ, ಫೈಲು ನೋಡದೆ. ವರ್ಷ ತುಂಬುವುದರೊಳಗೆ ಸೇತುವೆ ಬಿರುಕು ಬಿಟ್ಟಿತು, ಮಂತ್ರಿಗಿರಿ ಹೋಯಿತು, ಒಂದು ದಿನವೂ ಇವಳನ್ನು ಕೇಳಲಿಲ್ಲ, ಯಾರು ಕೊಟ್ಟರೆಂಬುದನ್ನೇ ಮರೆತಿದ್ದಾರೆ ಅಂದುಕೊಂಡು ಇವಳು ದಿನ ದೂಡಿದಳು.

ಸರ್, ಸಹಿ ಹಾಕಿ ಅಂದಿದ್ಯಾರು, ಇವತ್ತಾದ್ರೂ ಹೇಳ್ಬಿಡಿ — ಸಂದರ್ಶನಕ್ಕೆ ಬಂದ ಹುಡುಗಿ ಮುಂದೆ ಬಾಗಿದಳು, ಇವಳ ಮುಷ್ಟಿಯಲ್ಲಿ ಪರದೆ ಮುದ್ದೆಯಾಯಿತು, ಅವರು ಕನ್ನಡಕ ತೆಗೆದು ಒರೆಸಿದರು, ಇನ್ನೂ ಒರೆಸಿದರು, ಯಾರೂ ಅನ್ಲಿಲ್ಲಮ್ಮ, ಓದದೇನೇ ಹಾಕ್ದೆ, ತಪ್ಪು ನಂದೇ. ಅಷ್ಟೇನಾ ಸರ್. ಅಷ್ಟೇ. ಅಬ್ಬಾ, ಎದೆ ಮೇಲಿನ ಕಲ್ಲು ಇಳಿಯಿತು, ಹೋದ ಜೀವ ಬಂದ ಹಾಗಾಯಿತು, ತಮ್ಮ ಉಳಿದ, ತಾನೂ ಉಳಿದಳು, ಬಾಯಿಗೆ ಕೈ ಒತ್ತಿ ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಆಚೆ ಹುಡುಗಿ, ಹೆಸರಿಲ್ದೆ ಆಫೀಸಲ್ಲಿ ದುಡ್ಡು ಕೊಡಲ್ಲ ಸರ್, ಅವರು, ಬೇಡ ಬಿಡಮ್ಮ, ಕುರ್ಚಿ ಇದ್ದಲ್ಲೇ ಇಟ್ಟು ಹೋಗಿ ಸಾಕು — ಸೋರಲಿ ಛಾವಣಿ, ಇನ್ನೂ ಹತ್ತು ವರ್ಷ ಸೋರಲಿ, ಬಕೆಟ್ಟಿಗೇನು ಬರವೇ. ಟೀವಿಯವರು ಹೋದರು, ಇವಳು ಹಗುರವಾಗಿ ನಡೆದು ಬಂದಳು, ರೀ, ಕಾಫಿ. ಅವರು ಲೋಟ ಹಿಡಿದು ಇವಳ ಮುಖ ನೋಡಿದರು, ಆ ಬೆಳಿಗ್ಗೆ ನೋಡಿದ ಹಾಗೆಯೇ, ಆರುತ್ತೆ ಅಲ್ವಾ, ಅಂದರು, ಮೆಲ್ಲಗೆ. ಹಾಗಾದರೆ ಮರೆತಿಲ್ಲ, ಹನ್ನೊಂದು ವರ್ಷ, ಒಂದು ದಿನವೂ — ಇವಳು ಕಣ್ಣು ಕೆಳಗಿಳಿಸಿದಳು, ಟೀವಿಯವರು ಕುರ್ಚಿಯನ್ನು ಒಂದು ಗೇಣು ಆಚೆಗೆ ಇಟ್ಟು ಹೋಗಿದ್ದಾರೆ, ಈಚೆಗೆ, ಕಾರ್ಪೆಟ್ಟಿನ ಮೇಲೆ, ನಾಲ್ಕು ಗುಳಿ, ನಾಲ್ಕೂ ಹಾಗೆಯೇ ಇವೆ.